ಕಲಬುರಗಿಯಿಂದ ಕಾಳಿ ನದಿಗೆ ರಾಫ್ಟಿಂಗ್: ಟ್ರಿಪ್ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ನದಿಗಳಿಗೇನೂ ಬರ ಇಲ್ಲ. ಭೀಮಾ ಇದೆ, ಕಾಗಿಣಾ ಇದೆ, ಬೀದರಿನಲ್ಲಿ ಮಾಂಜ್ರಾ, ಕಾರಂಜಾ, ಯಾದಗಿರಿಯ ಅಂಚಿಗೆ ಕೃಷ್ಣಾ. ಆದರೆ ಇವು ಬಯಲಿನ ನದಿಗಳು. ಬ್ಯಾಸಗಿಯಲ್ಲಿ ಸೊರಗುತ್ತವೆ, ಮಳೆಗಾಲದಲ್ಲಿ ಒಮ್ಮೆಲೇ ತುಂಬಿ ಬರುತ್ತವೆ. ಬಂಡೆಗಳ ಮಧ್ಯೆ ನೊರೆ ಎಬ್ಬಿಸುತ್ತಾ ಇಳಿಯುವ ನದಿಯಲ್ಲಿ ರಾಫ್ಟ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿ, ಹತ್ತಬೇಕಾದರೆ ನಾವು ಪಶ್ಚಿಮ ಘಟ್ಟಕ್ಕೆ ಹೋಗಬೇಕು, ಇಲ್ಲವೇ ಹಿಮಾಲಯದ ಬುಡಕ್ಕೆ.

ದೂರದ ಪ್ರಯಾಣ ಆಗಿರುವುದರಿಂದಲೇ ನಮ್ಮವರು ಒಂದು ತಪ್ಪು ಕ್ರಮ ಹಿಡಿಯುತ್ತಾರೆ. ಮೊದಲು ರಜೆ ಗೊತ್ತುಮಾಡುತ್ತಾರೆ, ಆಮೇಲೆ ಗಾಡಿ, ಆಮೇಲೆ ರೂಮು. ನದಿಯಲ್ಲಿ ನೀರು ಎಷ್ಟಿದೆ ಅನ್ನುವುದನ್ನು ಕೊನೆಗೆ ಕೇಳುತ್ತಾರೆ. ಕೆಲವರಂತೂ ದಡಕ್ಕೆ ಹೋದ ಮೇಲೇ ಕೇಳುತ್ತಾರೆ. ರಾಫ್ಟಿಂಗ್‌ನಲ್ಲಿ ಇದು ತಿರುಗಿಬೀಳುತ್ತದೆ. ನೀರು ಕಡಿಮೆ ಇದ್ದರೆ ಟ್ರಿಪ್ ಸಪ್ಪೆ, ಜಾಸ್ತಿ ಇದ್ದರೆ ಅಪಾಯ. ರಜೆ ನೋಡಿ ನದಿಗೆ ಹೋಗಬೇಡಿ, ನೀರು ನೋಡಿ ರಜೆ ಹಾಕಿ. ಮುಂದೆ ಹೇಳುವ ಎಲ್ಲಾ ಹೆಜ್ಜೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಯಾರು ಯಾರು ಬರುತ್ತಾರೆ?

ನದಿ ಆರಿಸುವ ಮೊದಲು ತಂಡ ನೋಡಿ. ತಂಡದಲ್ಲಿ ಎಲ್ಲರಿಗಿಂತ ಗಟ್ಟಿಗ ಯಾರು ಅನ್ನುವುದು ಮುಖ್ಯವಲ್ಲ. ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರು, ಈಜು ಬಾರದವರು ಯಾರು, ಅದೇ ಮುಖ್ಯ. ಅವರಿಗೆ ಒಗ್ಗುವ ನದಿ ಆರಿಸಿದರೆ ಎಲ್ಲರಿಗೂ ಒಗ್ಗುತ್ತದೆ.

ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ. ಹತ್ತು ಜನರ ಮುಂದೆ ಕೇಳಿದರೆ ಯಾರೂ 'ನನಗೆ ಭಯ' ಅನ್ನುವುದಿಲ್ಲ. ಹೃದಯದ ತೊಂದರೆ, ಮೂರ್ಛೆರೋಗ, ಇತ್ತೀಚೆಗೆ ಆದ ಆಪರೇಷನ್, ಭುಜ ಜಾರುವ ಅಭ್ಯಾಸ, ಬಸಿರು, ಇವುಗಳಲ್ಲಿ ಯಾವುದಿದ್ದರೂ ರಾಫ್ಟ್ ಬೇಡ. ಅಸ್ತಮಾ ಇದ್ದವರು ಡಾಕ್ಟರನ್ನು ಕೇಳಿಯೇ ಬರಲಿ. ಬಂದರೆ ಇನ್‌ಹೇಲರ್ ನೀರು ಹೋಗದ ಚೀಲದಲ್ಲಿ ಗೈಡ್ ಹತ್ತಿರ ಇರಲಿ. ಸಣ್ಣ ಮಕ್ಕಳನ್ನು ರಭಸದ ಓಟಕ್ಕೆ ಹತ್ತಿಸಲೇಬೇಡಿ. ಗಂಗೆಯ ರಾಫ್ಟಿಂಗ್‌ನಲ್ಲಿ ಸಾಮಾನ್ಯವಾಗಿ 14 ವರ್ಷ ತುಂಬಿರಬೇಕು ಅನ್ನುತ್ತಾರೆ. ಅದೇ ಲೆಕ್ಕವನ್ನು ಎಲ್ಲಾ ಕಡೆ ಇಟ್ಟುಕೊಂಡರೆ ಒಳ್ಳೆಯದು.

ಈಜು ಬಾರದವರು ಬರಬಹುದಾ? ಸುಲಭದ ನದಿಗೆ, ಒಳ್ಳೆಯ ಗೈಡ್ ಇದ್ದರೆ, ಬರಬಹುದು. ಲೈಫ್ ಜಾಕೆಟ್ ತೇಲಿಸುತ್ತದೆ. ಆದರೆ ನೀರು ಮುಖಕ್ಕೆ ಬಡಿದಾಗ ಗಾಬರಿಯಾಗದೆ ಉಸಿರು ಹಿಡಿಯಲು ಬರಬೇಕು. ಅದನ್ನು ಊರಲ್ಲೇ ಕಲಿತು ಹೋಗಬೇಕು.

ಊರಲ್ಲೇ ತಯಾರಿ, ಭೀಮೆಯಲ್ಲಿ ಅಲ್ಲ

ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿ ಬಾವಿಯಲ್ಲಿ ಈಜು ಕಲಿಸುವ ಪದ್ಧತಿ ಇದೆ. ಬಾವಿಯಲ್ಲಿ ಕಲಿತವರಿಗೆ ಧೈರ್ಯ ಜಾಸ್ತಿ, ಅದು ನಿಜ. ಆದರೆ ಬಾವಿಯ ನೀರು ನಿಂತ ನೀರು. ನದಿಯ ಸೆಳವಿನಲ್ಲಿ ಈಜುವುದು ಬೇರೆಯದೇ ವಿದ್ಯೆ. ಈಜುವುದಕ್ಕಿಂತ ತೇಲುವುದನ್ನು ಮೊದಲು ಕಲಿಯಿರಿ.

ಟ್ರಿಪ್‌ಗೆ ಒಂದು ತಿಂಗಳು ಇರುವಾಗಲೇ ಈಜುಕೊಳಕ್ಕೆ ಹೋಗಲು ಶುರುಮಾಡಿ. ಬಟ್ಟೆ ಹಾಕಿಕೊಂಡೇ ನೀರಿಗಿಳಿದು, ಅಂಗಾತ ಮಲಗಿ ಐದು ನಿಮಿಷ ತೇಲಿ. ತಲೆ ಮುಳುಗಿಸಿ ಮೇಲೆ ಬಂದು, ಕಣ್ಣು ತೆರೆದು, ದಡ ಯಾವ ಕಡೆ ಅಂತ ನೋಡಿ. ಇದು ಸುಮ್ನೆ ಆಟದಂತೆ ಕಾಣುತ್ತದೆ. ಆದರೆ ರಾಫ್ಟಿನಿಂದ ಬಿದ್ದ ಮೊದಲ ಕ್ಷಣದಲ್ಲಿ ಬೇಕಾಗುವುದು ಇದೇ. ಜೊತೆಗೆ ಹೊಟ್ಟೆಗೆ, ಭುಜಕ್ಕೆ ಸ್ವಲ್ಪ ವ್ಯಾಯಾಮ ಇರಲಿ. ಹುಟ್ಟು ಹಾಕುವಾಗ ಬಲ ಬರುವುದು ತೋಳಿನಿಂದಲ್ಲ, ನಡುವಿನಿಂದ. ಇದು ಗೊತ್ತಿಲ್ಲದವರ ತೋಳು ಅರ್ಧ ದಾರಿಗೇ ಸೋಲುತ್ತದೆ.

ಅಭ್ಯಾಸಕ್ಕೆ ಅಂತ ಭೀಮೆಗೋ ಕೃಷ್ಣೆಗೋ ಇಳಿಯಬೇಡಿ. ಕೃಷ್ಣೆಯಲ್ಲಿ ಮೊಸಳೆ ಇವೆ ಅನ್ನುವುದು ದಂಡೆಯ ಪ್ರತಿ ಊರಿನವರಿಗೂ ಗೊತ್ತು. ಮೊಸಳೆಗಿಂತ ನನಗೆ ಹೆಚ್ಚು ಭಯ ಇರುವುದು ಬ್ರಿಡ್ಜ್ ಕಂ ಬ್ಯಾರೇಜ್‌ಗಳ ಬಗ್ಗೆ. ನಮ್ಮ ಭಾಗದಲ್ಲಿ ಇವು ಬೇಕಾದಷ್ಟಿವೆ. ಗೇಟಿನ ಮೇಲಿಂದ ನೀರು ಸಮನಾಗಿ, ಅಗಲಕ್ಕೆ ಬೀಳುತ್ತಿರುತ್ತದೆ. ಕೆಳಗೆ ನೊರೆ ಕಾಣುತ್ತದೆ, ಅಷ್ಟೇನೂ ಎತ್ತರ ಇಲ್ಲ ಅನಿಸುತ್ತದೆ. ಆದರೆ ಬಿದ್ದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮತ್ತೆ ಗೋಡೆಯ ಕಡೆಗೇ ಉರುಳಿ ಬರುತ್ತದೆ. ಅದರಲ್ಲಿ ಸಿಕ್ಕವರನ್ನು ಅದು ಹೊರಗೆ ಬಿಡುವುದಿಲ್ಲ. ಮಲೆನಾಡಿನ ನದಿಯಲ್ಲಿ ಬಂಡೆಗಳ ನಡುವಿನ ಸುಳಿಗೆ ಪಕ್ಕದಲ್ಲಿ ಎಲ್ಲೋ ಒಂದು ಬಿಡುವು ಇರುತ್ತದೆ. ಬ್ಯಾರೇಜ್ ದಂಡೆಯಿಂದ ದಂಡೆಗೆ ಒಂದೇ ಸಮ ಇರುವುದರಿಂದ ಆ ಬಿಡುವೂ ಇಲ್ಲ. ಲೈಫ್ ಜಾಕೆಟ್ ಇದ್ದರೂ ಅಲ್ಲಿ ಪ್ರಯೋಗ ಮಾಡಬೇಡಿ.

ನದಿ ಆರಿಸುವುದು

ನದಿಯ ಕಷ್ಟವನ್ನು 1ರಿಂದ 6ರ ಗ್ರೇಡ್‌ನಲ್ಲಿ ಅಳೆಯುತ್ತಾರೆ. ಒಂದನೇ ಗ್ರೇಡ್ ಅಂದರೆ ಸಣ್ಣ ಅಲೆ. ಎರಡರಲ್ಲಿ ದಾರಿ ನೇರ, ಕಲ್ಲುಗಳು ದೂರದಿಂದಲೇ ಕಾಣುತ್ತವೆ. ಮೂರಕ್ಕೆ ಬಂದರೆ ಅಲೆ ರಾಫ್ಟಿನೊಳಗೆ ನುಗ್ಗುತ್ತದೆ, ತಿರುವುಗಳಿರುತ್ತವೆ, ಗೈಡ್ ಹೇಳಿದ ಕ್ಷಣಕ್ಕೆ ಎಲ್ಲರೂ ಹುಟ್ಟು ಹಾಕಬೇಕು. ನಾಲ್ಕು ಬಲವಾದ ನೀರು, ಇಳಿಯುವ ಮೊದಲು ದಡದಲ್ಲಿ ನಿಂತು ದಾರಿ ನೋಡಿಕೊಳ್ಳಬೇಕಾಗುತ್ತದೆ. ಐದು ಚೆನ್ನಾಗಿ ಪಳಗಿದವರಿಗೆ ಮಾತ್ರ. ಆರು ಅಂದರೆ ಇಳಿಯುವ ಮಾತೇ ಬೇಡ. ಈ ಗ್ರೇಡ್ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ನೀರು ಏರಿದರೆ ಎರಡು ಮೂರಾಗುತ್ತದೆ, ಮೂರು ನಾಲ್ಕಾಗುತ್ತದೆ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಒಂದೇ: ಉತ್ತರ ಕನ್ನಡದ ಕಾಳಿ ನದಿ. ದಾಂಡೇಲಿ ಹತ್ತಿರದ ಗಣೇಶಗುಡಿಯಿಂದ ಓಟ ಶುರುವಾಗುತ್ತದೆ. ಗ್ರೇಡ್ ಎರಡರಿಂದ ಮೂರು. ರ‍್ಯಾಪಿಡ್ (ಬಂಡೆಗಳ ನಡುವೆ ನೀರು ರಭಸವಾಗಿ ಇಳಿಯುವ ಜಾಗ) ಮುಗಿದ ಮೇಲೆ ಸಾಮಾನ್ಯವಾಗಿ ಶಾಂತ ನೀರು ಸಿಗುತ್ತದೆ, ಬಿದ್ದವರನ್ನು ಎತ್ತಿಕೊಳ್ಳಲು ಸಮಯ ಇರುತ್ತದೆ. ಎರಡೂ ಕಡೆ ದಟ್ಟ ಕಾಡು. ನಮ್ಮ ತೊಗರಿ ಹೊಲಗಳ ಬಯಲು ನೋಡಿ ಬೆಳೆದ ಕಣ್ಣಿಗೆ ಆ ಹಸಿರೇ ಅರ್ಧ ಟ್ರಿಪ್.

ಇನ್ನು ಉಡುಪಿ ಜಿಲ್ಲೆಯ ಹೆಬ್ರಿ ಕಡೆ ಸೀತಾನದಿ, ಕೊಡಗಿನ ಬರಪೊಳೆ. ಇವೆರಡೂ ಮಳೆಗಾಲದ ಓಟಗಳು, ಜೂನ್‌ನಿಂದ ಸೆಪ್ಟೆಂಬರ್. ಸೀತಾನದಿ ಎರಡು–ಮೂರನೇ ಗ್ರೇಡ್. ಬರಪೊಳೆಯಲ್ಲಿ ಕೆಲವು ಇಳಿತಗಳು ನಾಲ್ಕಕ್ಕೂ ಏರುತ್ತವೆ. ಬರಪೊಳೆಗೆ ನಮ್ಮ ಕಡೆಯಿಂದ ಇಡೀ ಒಂದು ದಿನದ ಪ್ರಯಾಣ. ಮೊದಲ ಟ್ರಿಪ್‌ಗೆ ಬೇಡ. ಗಂಗೆಯ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ನೀರಿನ ಲೆಕ್ಕ

ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಕ್ಯುಸೆಕ್ ಅನ್ನುವ ಮಾತು ನಮಗೆ ಹೊಸದಲ್ಲ. ಮಳೆಗಾಲ ಬಂದರೆ ನಾರಾಯಣಪುರ ಜಲಾಶಯದಿಂದ ಇಷ್ಟು ಲಕ್ಷ ಕ್ಯುಸೆಕ್ ಬಿಟ್ಟರು ಅನ್ನುವ ಸುದ್ದಿ ಪೇಪರ್‌ನಲ್ಲಿ ಬರುತ್ತದೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯುಸೆಕ್, ಸುಮಾರು 28 ಲೀಟರ್. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯವರಿಗೆ ಈ ಅಂಕಿಯ ಅರ್ಥ ಚೆನ್ನಾಗಿ ಗೊತ್ತು. ಮೇಲೆ ಗೇಟು ಎತ್ತಿದರೆ ಇಲ್ಲಿ ದಾರಿಯೇ ಮುಚ್ಚಿಹೋಗುವ ಕಾಲವನ್ನು ಅವರು ಕಂಡಿದ್ದಾರೆ. ನದಿಗೆ ಇಳಿಯುವ ಮೊದಲು 'ಮೇಲೆ ಎಷ್ಟು ಬಿಟ್ಟಿದ್ದಾರೆ' ಅಂತ ಕೇಳುವ ಅವರ ಅಭ್ಯಾಸವನ್ನೇ ನಾವು ರಾಫ್ಟಿಂಗ್‌ಗೂ ತೆಗೆದುಕೊಂಡು ಹೋಗಬೇಕು.

ಕಾಳಿ ನದಿಗೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ. ಅದರ ಹಿಂದೆ ಸುಮಾರು 145 ಟಿಎಂಸಿ ನೀರು ನಿಲ್ಲುತ್ತದೆ. ನಮ್ಮ ಆಲಮಟ್ಟಿಯದು 123 ಟಿಎಂಸಿ, ಸೂಪಾ ಅದಕ್ಕಿಂತ ದೊಡ್ಡದು. ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟ್‌ನ ಎರಡು ಯಂತ್ರಗಳಿವೆ. ಯಂತ್ರ ತಿರುಗಿದರೆ ನದಿಗೆ ನೀರು ಬರುತ್ತದೆ. ನಿಂತರೆ ನದಿ ಇಳಿದು ಬಂಡೆಗಳು ಮೇಲೆ ಕಾಣುತ್ತವೆ. ಅಂದರೆ ಅಲ್ಲಿ ರಾಫ್ಟ್ ಎಷ್ಟು ಗಂಟೆಗೆ ಇಳಿಯಬೇಕು ಅನ್ನುವುದನ್ನು ನಿರ್ಧರಿಸುವುದು ಮಳೆಯಲ್ಲ, ಕರೆಂಟಿನ ಬೇಡಿಕೆ.

ಹೀಗಾಗಿ ಕಾಳಿಯಲ್ಲಿ ಮಳೆ ಮುಗಿದ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಿಂದ ಮೇವರೆಗೆ ರಾಫ್ಟಿಂಗ್ ಸಾಧ್ಯ. ಏಪ್ರಿಲ್–ಮೇನಲ್ಲಿ ಕಲಬುರಗಿಯ ಬಿಸಿಲು ತಾಳದೆ ಎಲ್ಲರೂ ಅತ್ತ ಓಡುತ್ತಾರೆ, ಅಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ. ನನ್ನನ್ನು ಕೇಳಿದರೆ ನವೆಂಬರ್‌ನಿಂದ ಫೆಬ್ರುವರಿ ಒಳಗೆ, ವಾರದ ನಡುವಿನ ದಿನ ಹೋಗಿ. ಗೈಡ್‌ಗೂ ನಿಮ್ಮ ಕಡೆ ಗಮನ ಕೊಡಲು ಪುರುಸೊತ್ತು ಇರುತ್ತದೆ.

ಟಿಕೆಟ್ ಮಾಡಿಸುವ ಮೊದಲು ಒಂದು ಫೋನ್, ಹೊರಡುವ ಹಿಂದಿನ ದಿನ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಹೀಗಿರುತ್ತದೆ:

"ಅಣ್ಣಾರ, ನಾಡಿದ್ದು ನೀರು ಬಿಡ್ತಾರೇನ್ರೀ?"

"ಬಿಡ್ತಾರೆ ಸರ್, ಆದ್ರೆ ಬೆಳಿಗ್ಗೆ ಬಿಡ್ತಾರೋ ಮಧ್ಯಾಹ್ನ ಬಿಡ್ತಾರೋ ಗೊತ್ತಿಲ್ಲ."

"ಹಂಗಾದ್ರ ಎರಡೂ ಹೊತ್ತಿಗೆ ತಯಾರಾಗೇ ಬರ್ತೀವಿ."

ಈ ಕೊನೆಯ ಮಾತು ನಿಮ್ಮ ಪ್ಲಾನ್‌ನಲ್ಲೇ ಇರಬೇಕು. ಬೆಳಿಗ್ಗೆ ರಾಫ್ಟ್, ಮಧ್ಯಾಹ್ನ ವಾಪಸ್ ಬಸ್ ಅಂತ ಬಿಗಿಯಾಗಿ ಕಟ್ಟಿದರೆ ನೀರು ನಿಮ್ಮ ಗಡಿಯಾರ ಕೇಳುವುದಿಲ್ಲ. ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ.

ಮಳೆಗಾಲದ ನದಿಗಳಲ್ಲಿ ಅಣೆಕಟ್ಟಿನ ಬದಲು ಆಕಾಶ ನೋಡಬೇಕು. ಘಟ್ಟದ ಮೇಲೆ ಸುರಿದ ಮಳೆ ಕೆಳಗೆ ನಿಮ್ಮ ಹತ್ತಿರ ಬಿಸಿಲಿದ್ದಾಗಲೇ ಬಂದು ತಲುಪಬಹುದು. ತಿಳಿನೀರು ಕೆಂಪಾಗುವುದು, ಎಲೆ ಕಡ್ಡಿ ತೇಲಿ ಬರತೊಡಗುವುದು, ಈಗಷ್ಟೇ ಕಾಣುತ್ತಿದ್ದ ಕಲ್ಲು ಮುಳುಗುವುದು, ಸದ್ದು ದಪ್ಪವಾಗುವುದು. ಇವು ನೀರು ಏರುತ್ತಿರುವ ಗುರುತುಗಳು. ಒಂದು ಕಂಡರೂ ದಡ ಸೇರಿ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 'ಸ್ವಲ್ಪ ಏರಿದೆ ಅಷ್ಟೇ' ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಯಾರ ಜೊತೆ ಇಳಿಯಬೇಕು?

ದಾಂಡೇಲಿಯಲ್ಲಿ ಜಂಗಲ್ ಲಾಡ್ಜಸ್‌ನ ಸರ್ಕಾರಿ ಕ್ಯಾಂಪ್ ಇದೆ, ಖಾಸಗಿಯವರೂ ಬಹಳ ಜನ ಇದ್ದಾರೆ. ಯಾರೇ ಆಗಲಿ, ದುಡ್ಡು ಕೊಡುವ ಮೊದಲು ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ.

ಎಷ್ಟು ಕಿಲೋಮೀಟರ್, ಎಲ್ಲಿಂದ ಎಲ್ಲಿಗೆ? ಇದು ಮೊದಲ ಪ್ರಶ್ನೆ. ರಾಫ್ಟಿಂಗ್ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಓಟಗಳನ್ನು ಮಾರುತ್ತಾರೆ. ಒಂದು ಅರ್ಧ–ಮುಕ್ಕಾಲು ಗಂಟೆಯ ಸಣ್ಣ ಸುತ್ತು, ಇನ್ನೊಂದು ಸುಮಾರು 9ರಿಂದ 12 ಕಿ.ಮೀ.ನ ನಿಜವಾದ ನದಿ ಓಟ. ಉದ್ದದ ಓಟ ನೀರು ಮತ್ತು ಅನುಮತಿ ಎರಡರ ಮೇಲೂ ನಿಂತಿದೆ. ನೀವು ಹೋಗುವ ವಾರ ಯಾವುದು ನಡೆಯುತ್ತಿದೆ ಅಂತ ಕೇಳಿ ತಿಳಿದುಕೊಳ್ಳಿ. ಎರಡರಲ್ಲಿ ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಅನ್ನುವುದು ವಾಟ್ಸಾಪ್‌ನಲ್ಲಿ ಬರಹದಲ್ಲಿರಲಿ.

ಒಂದು ರಾಫ್ಟಿಗೆ ಎಷ್ಟು ಜನ? ಆರರಿಂದ ಎಂಟು, ಜೊತೆಗೆ ಗೈಡ್. ಅದಕ್ಕಿಂತ ಜಾಸ್ತಿ ತುಂಬುತ್ತಾರೆ ಅಂದರೆ ಹತ್ತಬೇಡಿ, ದುಡ್ಡು ಹೋದರೂ ಚಿಂತೆಯಿಲ್ಲ. ಭಾರವಾದ ರಾಫ್ಟ್ ತಿರುಗುವುದಿಲ್ಲ. ತಿರುಗದ ರಾಫ್ಟ್ ಹೋಗಿ ಬಂಡೆಗೆ ಅಂಟಿಕೊಳ್ಳುತ್ತದೆ.

ಜೊತೆಗೆ ರಕ್ಷಣೆಗೆ ಕಯಾಕ್ (ಒಬ್ಬರೇ ಕೂತು ನಡೆಸುವ ಸಣ್ಣ ದೋಣಿ) ಬರುತ್ತದಾ, ಅಥವಾ ಎರಡನೇ ರಾಫ್ಟ್ ಇರುತ್ತದಾ? ಗೈಡ್‌ಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯಾ? ವಿಮೆ ಇದೆಯಾ? ನೀರು ಬಾರದಿದ್ದರೆ ದುಡ್ಡು ವಾಪಸ್ಸಾ, ಬೇರೆ ದಿನವಾ? ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವವರನ್ನು ಬಿಟ್ಟುಬಿಡಿ. ಒಳ್ಳೆಯ ಗೈಡ್‌ಗಳು ಇಂಥ ಪ್ರಶ್ನೆ ಕೇಳುವವರನ್ನು ಕಂಡರೆ ಖುಷಿಪಡುತ್ತಾರೆ.

ದಾರಿ

ಹುಮನಾಬಾದ್, ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರ, ನರಗುಂದ, ನವಲಗುಂದ, ಹುಬ್ಬಳ್ಳಿ. ಹಿಂದೆ 218ನೇ ಹೆದ್ದಾರಿ ಅಂತ ಕರೆಯುತ್ತಿದ್ದ ದಾರಿ ಇದು. ಬೀದರಿನವರು ಹುಮನಾಬಾದಿನಲ್ಲಿ ಇದಕ್ಕೆ ಸೇರುತ್ತಾರೆ, ಯಾದಗಿರಿಯವರು ಶಹಾಪುರ ದಾಟಿ ಜೇವರ್ಗಿಯಲ್ಲಿ ಸೇರಬಹುದು. ಹುಬ್ಬಳ್ಳಿಯಿಂದ ಧಾರವಾಡ, ಹಳಿಯಾಳದ ಮೇಲೆ ದಾಂಡೇಲಿ, ಸುಮಾರು 75 ಕಿ.ಮೀ. ಅಲ್ಲಿಂದ ಗಣೇಶಗುಡಿ ಇನ್ನೂ ಮುಂದೆ.

ಕಲಬುರಗಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಹುಬ್ಬಳ್ಳಿ. ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಅದೇ ಬೆಳಿಗ್ಗೆ ರಾಫ್ಟ್ ಹತ್ತಬೇಡಿ. ನಿದ್ದೆಗೆಟ್ಟ ಮೈಗೆ ಗೈಡ್ ಮಾತು ಒಂದು ಕ್ಷಣ ತಡವಾಗಿ ಕೇಳಿಸುತ್ತದೆ. ಆ ದಿನ ವಿಶ್ರಾಂತಿ, ಕಾಡು ನೋಡುವುದು, ಬೇಗ ಮಲಗುವುದು. ಮರುದಿನ ನದಿ, ಮೂರನೇ ದಿನ ಕೈಯಲ್ಲಿ. ನದಿಗಿಳಿಯುವ ಹಿಂದಿನ ರಾತ್ರಿ ಯಾರೂ ಕುಡಿಯುವಂತಿಲ್ಲ ಅನ್ನುವುದನ್ನು ಊರಲ್ಲೇ ಗಟ್ಟಿ ಮಾಡಿಕೊಂಡು ಹೋಗಿ. ರೆಸಾರ್ಟಿನಲ್ಲಿ ಆ ಮಾತು ಎತ್ತಿದರೆ ಜಗಳವಾಗುತ್ತದೆ.

ಬುತ್ತಿಗೆ ನಮ್ಮ ಕಟಕ ರೊಟ್ಟಿ, ಶೇಂಗಾ ಹಿಂಡಿ ಸಾಕು, ಮೂರು ದಿನ ಕೆಡುವುದಿಲ್ಲ. ರಾಫ್ಟ್ ಹತ್ತುವ ಎರಡು ಗಂಟೆ ಮೊದಲು ಹಗುರಾಗಿ ತಿನ್ನಿ.

ಏನು ಹಾಕಿಕೊಳ್ಳಬೇಕು?

ಜೀನ್ಸ್ ಬೇಡ, ಹತ್ತಿ ಬಟ್ಟೆ ಬೇಡ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಬೇಗ ಆರುವುದಿಲ್ಲ, ಮೈ ಶಾಖ ಎಳೆದುಬಿಡುತ್ತದೆ. ಆಟದ ಬಟ್ಟೆಯಂಥ ನೈಲಾನ್, ಪಾಲಿಯೆಸ್ಟರ್ ಒಳ್ಳೆಯದು. ದುಪಟ್ಟಾ, ಉದ್ದ ಲಾಡಿ, ಸಡಿಲ ದಾರ ಯಾವುದೂ ಇರಬಾರದು, ಹಗ್ಗಕ್ಕೆ ಸಿಕ್ಕಿಕೊಳ್ಳುತ್ತವೆ. ಉಂಗುರ, ಬಳೆ ತೆಗೆದಿಡಿ. ತಾಳಿ ತೆಗೆಯಲು ಮನಸ್ಸಿಲ್ಲದವರು ಅದನ್ನು ಬಟ್ಟೆಯೊಳಗೆ ಪಿನ್ ಹಾಕಿ ಭದ್ರ ಮಾಡಿಕೊಳ್ಳಿ. ಕನ್ನಡಕಕ್ಕೆ ಹಿಂದಿನಿಂದ ದಾರ. ಕಾಲಿಗೆ ಹಿಮ್ಮಡಿ ಬಿಗಿದು ಹಿಡಿಯುವ ಹಳೆಯ ಶೂ. ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ. ಮೊಬೈಲ್ ದಡದಲ್ಲಿರಲಿ.

ಲೈಫ್ ಜಾಕೆಟ್ ಬಗ್ಗೆ ಮಾತ್ರ ನಾಚಿಕೆ ಬಿಟ್ಟು ಹಟ ಮಾಡಿ. ರಾಶಿಯಿಂದ ಒಂದು ಎತ್ತಿ ಕೊಡುತ್ತಾರೆ. ಸುಮ್ನೆ ಹಾಕಿಕೊಳ್ಳಬೇಡಿ. ಮೊದಲು ಫೋಮ್ ಒತ್ತಿ ನೋಡಿ. ಬೆರಳು ಎತ್ತಿದ ಕೂಡಲೇ ಅದು ಮೇಲೇಳಬೇಕು. ಒತ್ತಿದಲ್ಲೇ ಕುಸಿದು ಉಳಿದರೆ ಅದು ಹಳತಾಗಿದೆ, ಬೇರೆ ಕೇಳಿ. ಬಕಲ್‌ಗಳನ್ನು ಒಂದೊಂದಾಗಿ ಹಾಕಿ, ಕಟ್ ಅಂತ ಸದ್ದು ಬರಬೇಕು. ಆಮೇಲೆ ಜಗ್ಗಿ ನೋಡಿ. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡುತ್ತಾ ಬನ್ನಿ. ಈಗ ಗೆಳೆಯನಿಗೆ ಹೇಳಿ, ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಯಲಿ. ಜಾಕೆಟ್ ಕಿವಿಯವರೆಗೆ ಏರಿದರೆ ನೀರಿನಲ್ಲಿ ಅದು ನಿಮ್ಮ ಮುಖ ಮುಚ್ಚುತ್ತದೆ. ಅಲುಗಾಡದೆ ನಿಂತರೆ ಸರಿ. ಹೆಲ್ಮೆಟ್ ಹಣೆ ಮುಚ್ಚಬೇಕು, ತಲೆ ಅಲ್ಲಾಡಿಸಿದರೆ ಜಾರಬಾರದು.

ನದಿಯ ಮೇಲೆ

ಹೊರಡುವ ಮೊದಲು ಗೈಡ್ ಹದಿನೈದು ನಿಮಿಷ ಮಾತಾಡುತ್ತಾರೆ. ಫೋಟೋ ತೆಗೆಯುತ್ತಾ ಕಳೆಯುವ ಹೊತ್ತಲ್ಲ ಅದು. ಫಾರ್ವರ್ಡ್, ಬ್ಯಾಕ್, ಸ್ಟಾಪ್, ಹೋಲ್ಡ್ ಆನ್ (ಹಗ್ಗ ಹಿಡಿಯಿರಿ), ಗೆಟ್ ಡೌನ್ (ರಾಫ್ಟಿನೊಳಗೆ ಬಗ್ಗಿ ಕೂರಿ): ಇಷ್ಟು ಮಾತುಗಳ ಮೇಲೆ ಇಡೀ ಓಟ ನಡೆಯುತ್ತದೆ. ಹೆಚ್ಚಿನ ವಿವರಣೆ ಹಿಂದಿಯಲ್ಲಿರಬಹುದು, ನಮ್ಮ ಕಡೆಯವರಿಗೆ ಅದೇನೂ ತೊಡಕಲ್ಲ. ಅರ್ಥವಾಗದವರು ಇದ್ದರೆ ಅಲ್ಲೇ ಕನ್ನಡದಲ್ಲಿ ಹೇಳಿಕೊಡಿ, ನೀರಿನ ಮಧ್ಯೆ ಹೇಳಲು ಆಗುವುದಿಲ್ಲ.

ರಾಫ್ಟಿನ ಅಂಚಿನ ಮೇಲೆ ಕೂರಬೇಕು, ಒಳಗೆ ಅಲ್ಲ. ಕಾಲನ್ನು ಅಡ್ಡ ದಿಂಬಿನ ಕೆಳಗೆ ತುರುಕಿ, ಆದರೆ ಬಿದ್ದರೆ ಬಿಡಿಸಿಕೊಳ್ಳುವಷ್ಟು ಸಡಿಲ ಇರಲಿ. ಹುಟ್ಟಿನ ತುದಿಯ ಹಿಡಿಕೆಯ ಮೇಲೆ ಒಂದು ಕೈ ಯಾವಾಗಲೂ ಇರಬೇಕು. ಆ ಗಟ್ಟಿ ಹಿಡಿಕೆ ಬಿಟ್ಟರೆ ಅದು ಹಾರಿ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ರಾಫ್ಟಿಂಗ್‌ನಲ್ಲಿ ಆಗುವ ಸಣ್ಣ ಗಾಯಗಳಲ್ಲಿ ಇದು ಬಹಳ ಸಾಮಾನ್ಯ. ಮುಂದೆ ಕೂತ ಇಬ್ಬರ ಲಯ ನೋಡಿ ಉಳಿದವರು ಹುಟ್ಟು ಹಾಕಬೇಕು. ದೊಡ್ಡ ಅಲೆ ಬಂದಾಗ ಕೈ ನಿಲ್ಲಿಸುವುದು ಎಲ್ಲರ ಸಹಜ ಗುಣ. ಆದರೆ ಅಲೆಯನ್ನು ದಾಟಿಸುವುದೇ ಆ ಹೊತ್ತಿನ ಹುಟ್ಟು.

ನೀರಿಗೆ ಬಿದ್ದರೆ? ಬೀಳುತ್ತೀರಿ ಅಂತಲೇ ತಿಳಿದುಕೊಳ್ಳಿ, ಆಗ ಗಾಬರಿ ಕಡಿಮೆ. ಮೊದಲು ರಾಫ್ಟಿನ ಸುತ್ತ ಇರುವ ಹಗ್ಗ ಹುಡುಕಿ, ಹಿಡಿದುಕೊಳ್ಳಿ. ರಾಫ್ಟ್ ದೂರ ಹೋದರೆ ಅಂಗಾತ ತಿರುಗಿ, ಕಾಲು ನೀರು ಹರಿಯುವ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಮಲಗಿ. ಎದುರಿಗೆ ಬಂಡೆ ಬಂದರೆ ಕಾಲಿನಿಂದ ತಳ್ಳಿ. ಅಲೆಯ ತಗ್ಗಿನಲ್ಲಿ ಉಸಿರು ತೆಗೆದುಕೊಳ್ಳಿ, ತುದಿ ಬಡಿಯುವಾಗ ಬಾಯಿ ಮುಚ್ಚಿ. ಶಾಂತ ನೀರು ಬಂದ ಮೇಲೆ ಹೊಟ್ಟೆಯ ಮೇಲೆ ತಿರುಗಿ ಜೋರಾಗಿ ದಡಕ್ಕೆ ಈಜಿ.

ಹರಿಯುವ ನೀರಿನಲ್ಲಿ ಎದ್ದು ನಿಲ್ಲಬೇಡಿ. ನೀರು ಮೊಣಕಾಲಷ್ಟೇ ಇದ್ದರೂ ಬೇಡ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನೆಲ ಸಿಕ್ಕ ಕೂಡಲೇ ನಿಲ್ಲುವುದು ನಮಗೆಲ್ಲ ಹುಟ್ಟಿನಿಂದ ಬಂದ ಅಭ್ಯಾಸ. ಎರಡು ಕಲ್ಲುಗಳ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಬಾಗಿಸಿ ಮುಳುಗಿಸುತ್ತದೆ. ಲೈಫ್ ಜಾಕೆಟ್ ಆಗ ಉಪಯೋಗಕ್ಕೆ ಬರುವುದಿಲ್ಲ. ಕುಳಿತರೆ ಕುಂಡಿ ನೆಲಕ್ಕೆ ತಾಗುವಷ್ಟು ಆಳ ಕಡಿಮೆಯಾದ ಮೇಲೆ ಮಾತ್ರ ಏಳಿ.

ಬಿದ್ದ ಮರ, ನೀರಿನಲ್ಲಿ ಹರಡಿದ ಕೊಂಬೆಗಳು ಬಂಡೆಗಿಂತ ಅಪಾಯ. ಬಂಡೆಗೆ ಬಡಿದ ನೀರು ಪಕ್ಕಕ್ಕೆ ಸರಿಯುತ್ತದೆ, ನಿಮ್ಮನ್ನೂ ಸರಿಸುತ್ತದೆ. ಕೊಂಬೆಗಳ ನಡುವೆ ನೀರು ಮಾತ್ರ ಹಾದುಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ದೂರದಿಂದಲೇ ಬೇರೆ ಕಡೆಗೆ ಈಜಿ. ತಪ್ಪಿಸಿಕೊಳ್ಳಲು ಆಗಲೇ ಇಲ್ಲ ಅಂದರೆ ತಲೆ ಮುಂದಾಗಿ ಈಜಿ, ಕೈಯಿಂದ ಕೊಂಬೆಯ ಮೇಲೆ ಹತ್ತಿಕೊಳ್ಳಿ.

ಬಂಡೆಯ ಹಿಂದೆ ನೀರು ಮೆಲ್ಲಗೆ ತಿರುಗಿ ನಿಲ್ಲುವ ಜಾಗಕ್ಕೆ ಗೈಡ್‌ಗಳು ಎಡ್ಡಿ ಅನ್ನುತ್ತಾರೆ. ಅದು ನದಿಯ ತಂಗುದಾಣ. ಬಿದ್ದವರಿಗೆ ಅಲ್ಲಿಗೆ ಈಜುವುದು ದಡಕ್ಕಿಂತ ಸುಲಭ.

ಗೈಡ್ ಎಸೆಯುವ ಹಗ್ಗ ಒಂದು ಚೀಲದಿಂದ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಆ ಚೀಲ ಹಿಡಿಯಬೇಡಿ, ಹಗ್ಗ ಹಿಡಿಯಿರಿ. ಎದೆಗೆ ಒತ್ತಿ, ಹಗ್ಗವನ್ನು ಭುಜದ ಮೇಲೆ ಹಾಕಿಕೊಂಡು ಬೆನ್ನಿನ ಮೇಲೆ ತೇಲಿ. ಕೈಗೆ ಸುತ್ತಿಕೊಳ್ಳಬೇಡಿ, ಸೊಂಟಕ್ಕೆ ಕಟ್ಟಿಕೊಳ್ಳಬೇಡಿ. ಗೆಳೆಯ ಬಿದ್ದ ಅಂತ ಅವನ ಹಿಂದೆ ನೀರಿಗೆ ಹಾರುವುದು ಪ್ರೀತಿಯಿಂದ ಮಾಡುವ ಕೆಲಸ, ಆದರೆ ಅದರಿಂದ ಗೈಡ್‌ಗೆ ಇಬ್ಬರನ್ನು ಹುಡುಕುವ ಕೆಲಸ ಬೀಳುತ್ತದೆ. ಹುಟ್ಟು ಚಾಚಿ, ಹಗ್ಗ ಎಸೆಯಿರಿ, ರಾಫ್ಟನ್ನೇ ಅವನ ಹತ್ತಿರ ಒಯ್ಯಿರಿ. ಸಿಕ್ಕ ಮೇಲೆ ಜಾಕೆಟ್‌ನ ಎರಡೂ ಭುಜದ ಪಟ್ಟಿ ಹಿಡಿದು, ನೀವು ಹಿಂದಕ್ಕೆ ಬೀಳುತ್ತಾ ಒಳಗೆ ಎಳೆದುಕೊಳ್ಳಿ. ತೋಳು ಹಿಡಿದು ಎಳೆದರೆ ಭುಜ ಜಾರಬಹುದು.

ನೀರು ಕುಡಿದು ಉಸಿರು ನಿಂತವರ ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಮಾಡಬೇಡಿ, ಹೊಟ್ಟೆಯಲ್ಲಿದ್ದದ್ದು ಉಸಿರಿನ ದಾರಿಗೆ ಬರುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು, ಸಹಾಯ ಬರುವವರೆಗೆ ನಿಲ್ಲಿಸದೆ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಕಾಡಿನ ನಡುವೆ ಸಿಗ್ನಲ್ ಇರದ ಜಾಗಗಳಿವೆ. ಹತ್ತಿರದ ಆಸ್ಪತ್ರೆ ಎಲ್ಲಿ, ಕ್ಯಾಂಪಿನ ಗಾಡಿ ಎಲ್ಲಿ ಕಾಯುತ್ತಿರುತ್ತದೆ ಅನ್ನುವುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಎದೆ ಒತ್ತುವುದನ್ನು ತಂಡದಲ್ಲಿ ಇಬ್ಬರಾದರೂ ಊರಿನ ಡಾಕ್ಟರ್ ಹತ್ತಿರ ಕಲಿತು ಬಂದಿರಲಿ.

ಯಾವುದೇ ರ‍್ಯಾಪಿಡ್ ಮುಂದೆ 'ನಾನು ಇಳಿಯಲ್ಲ, ದಡದಲ್ಲಿ ನಡೆದು ಬರ್ತೀನಿ' ಅನ್ನುವ ಹಕ್ಕು ಎಲ್ಲರಿಗೂ ಇದೆ. ಆ ಮಾತಿಗೆ ಯಾರೂ ನಗಬಾರದು ಅಂತ ತಂಡದ ಹಿರಿಯರು ಮೊದಲೇ ಹೇಳಿಬಿಡಲಿ. ನಡೆಯಲು ದಾರಿ ಇಲ್ಲದ ಜಾಗಗಳೂ ಇರುತ್ತವೆ. ಎಲ್ಲೆಲ್ಲಿ ಇಳಿಯಬಹುದು ಅಂತ ಗೈಡ್ ಹತ್ತಿರ ಕೇಳಿ.

ಒಬ್ಬರೇ ನಡೆಸುವ ಕಯಾಕ್ ಬೇಕೆಂದರೆ

ರಾಫ್ಟಿನಲ್ಲಿ ಗೈಡ್ ಬುದ್ಧಿ, ನಿಮ್ಮ ತೋಳು. ಕಯಾಕ್‌ನಲ್ಲಿ ಎರಡೂ ನಿಮ್ಮದೇ. ಅದನ್ನು ನಿಂತ ನೀರಿನಲ್ಲಿ ಕಲಿಯಬೇಕು. ಶರಾವತಿ ಹಿನ್ನೀರಿನ ಹೊನ್ನೆಮರಡು ಅದಕ್ಕೆ ಹೆಸರಾದ ಜಾಗ. ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯೂ ತರಬೇತಿ ನಡೆಸುತ್ತದೆ. ಮೊದಲು ಮಗುಚಿದ ಕಯಾಕ್‌ನಿಂದ ನೀರೊಳಗೇ ಹೊರಬರುವುದು, ಆಮೇಲೆ ಮಗುಚಿದ್ದನ್ನು ನಡು ತಿರುಗಿಸಿ ಮೇಲೆಬ್ಬಿಸುವುದು. ಇವೆರಡೂ ಕಣ್ಣು ಮುಚ್ಚಿ ಮಾಡುವಷ್ಟು ಬಂದ ಮೇಲೆಯೇ ಹರಿಯುವ ನೀರು. ಒಬ್ಬರೇ ಇಳಿಯುವುದು ಎಂದೂ ಬೇಡ, ಕಡಿಮೆ ಅಂದರೂ ಮೂವರು ಬೇಕು.

ಎರಡನೇ ಟ್ರಿಪ್: ಗಂಗೆ

ಕಾಳಿಯಲ್ಲಿ ಇಡೀ ತಂಡ ಒಂದು ಲಯಕ್ಕೆ ಬಂದಿದ್ದರೆ ಮುಂದಿನದು ಹೃಷಿಕೇಶ. ಅಲ್ಲಿ ಬ್ರಹ್ಮಪುರಿಯಿಂದ ಸುಮಾರು 9 ಕಿ.ಮೀ., ಶಿವಪುರಿಯಿಂದ ಸುಮಾರು 16, ಕೌಡಿಯಾಲದಿಂದ ಸುಮಾರು 36 ಕಿ.ಮೀ.ನ ಓಟಗಳಿವೆ. ಶಿವಪುರಿಯಿಂದ ಶುರುಮಾಡಿ. ಕೌಡಿಯಾಲದ ಓಟದಲ್ಲಿ ದಿ ವಾಲ್ ಅನ್ನುವ ರ‍್ಯಾಪಿಡ್ ಇದೆ, ಅದು ದೊಡ್ಡ ದೊಡ್ಡ ರಾಫ್ಟುಗಳನ್ನೂ ಮಗುಚುತ್ತದೆ.

ಗಂಗೆಗೂ ಕಾಳಿಗೂ ದೊಡ್ಡ ವ್ಯತ್ಯಾಸ ಚಳಿ. ಹಿಮ ಕರಗಿ ಬಂದ ನೀರು ಅದು. ಬಿದ್ದ ತಕ್ಷಣ ಉಸಿರು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ, ಆ ಹೊತ್ತಿಗೆ ಬಾಯಿ ನೀರಿನ ಮೇಲಿರಬೇಕು. ಒಂದು ನಿಮಿಷದಲ್ಲಿ ಉಸಿರು ಹದಕ್ಕೆ ಬರುತ್ತದೆ, ಅಲ್ಲಿಯವರೆಗೆ ತೇಲುತ್ತಿರಿ, ಈಜಲು ಹೋಗಬೇಡಿ. ಚಳಿಗಾಲದಲ್ಲಿ ಮೈಗೆ ಅಂಟುವ ವೆಟ್‌ಸೂಟ್ ಬಾಡಿಗೆಗೆ ತೆಗೆದುಕೊಳ್ಳಿ. ತಂಡದಲ್ಲಿ ಯಾರಾದರೂ ನಡುಗುತ್ತಾ ಮಾತು ತೊದಲಿದರೆ ತಕ್ಷಣ ದಡಕ್ಕೆ ಕರೆದೊಯ್ದು ಒದ್ದೆ ಬಟ್ಟೆ ಬಿಚ್ಚಿ, ಒಣ ಬಟ್ಟೆ ಹಾಕಿ, ಬಿಸಿ ಸಿಹಿ ಚಹಾ ಕೊಡಿ.

ಜುಲೈ, ಆಗಸ್ಟಿನಲ್ಲಿ ಅಲ್ಲಿ ರಾಫ್ಟಿಂಗ್ ಬಂದ್ ಇರುತ್ತದೆ. ಅಕ್ಟೋಬರ್–ನವೆಂಬರ್ ಅಥವಾ ಮಾರ್ಚ್–ಏಪ್ರಿಲ್ ನಮಗೆ ಅನುಕೂಲ. ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರವಾಗಿ ದೆಹಲಿಗೆ ಹೋಗುತ್ತದೆ, ಅಲ್ಲಿಂದ ಹರಿದ್ವಾರಕ್ಕೆ ಬೇರೆ ರೈಲು ಅಥವಾ ಬಸ್. ರಿಸರ್ವೇಷನ್ 60 ದಿನ ಮೊದಲು ತೆರೆಯುತ್ತದೆ, ದೀಪಾವಳಿ ಹತ್ತಿರದ ಸೀಟುಗಳು ಬೇಗ ಖಾಲಿಯಾಗುತ್ತವೆ. ಅದಕ್ಕೂ ಮೊದಲೇ ರಾಫ್ಟಿಂಗ್‌ನವರಿಗೆ ಫೋನ್ ಮಾಡಿ ಆ ವಾರ ಓಟ ಇದೆಯಾ ಅಂತ ಕೇಳಿ. ವಾಪಸ್ ಟಿಕೆಟನ್ನು ಒಂದು ದಿನ ತಡವಾಗಿಯೇ ಮಾಡಿಸಿ.